ಸಾಲ್ಮನ್‌ಗೆ ಮುಯ್ಯಿ

ನಮ್ಮ ಕಡೆ ಗದ್ದೆ ನಾಟಿಗೆ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ದುಡ್ಡಿನ ಮಾತಿಲ್ಲ, ಮರೆಯೋ ಹಾಗೂ ಇಲ್ಲ. ಹೋದ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಬಾವ ನನ್ನನ್ನು ಅಮೆರಿಕದ ಮಿಷಿಗನ್ ಸರೋವರಕ್ಕೆ ಸಾಲ್ಮನ್ ಹಿಡಿಯಲು ಕರೆದುಕೊಂಡು ಹೋಗಿದ್ದರು. ದೋಣಿ, ಗೈಡು, ಊಟ ಎಲ್ಲ ಅವರದೇ ಖರ್ಚು. ಈ ಸಂಕ್ರಾಂತಿ ಮುಗಿದ ಮೇಲೆ ಸಾಗರಕ್ಕೆ ಬಂದವರು, ಅಮ್ಮ ಕೊಟ್ಟ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದರು, "ಏನಪಾ, ನಿಮ್ಮ ಹಿನ್ನೀರಾಗೆ ಒಂದು ದಿನ ಕರ್ಕೊಂಡು ಹೋಗ್ತೀಯೋ ಇಲ್ಲೋ?" ಮುಯ್ಯಾಳು ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?

ಬಾವ ದಾವಣಗೆರೆಯವರು. ನೀರಿನ ಜೊತೆಗೆ ಅವರಿಗೆ ಚಿಕ್ಕಂದಿನಿಂದ ಇದ್ದ ನಂಟು ಅಂದರೆ ಭದ್ರಾ ಕಾಲುವೆಯಲ್ಲಿ ಈಜಿದ್ದು ಅಷ್ಟೇ. ಮದುವೆಯಾದ ಹೊಸದರಲ್ಲಿ ಅವರನ್ನು ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ತುಂಗೆಯಲ್ಲಿ ದೇವಸ್ಥಾನದ ಮೆಟ್ಟಿಲ ಬುಡಕ್ಕೇ ಮೀನು ಬರುತ್ತವೆ, ಯಾರೂ ಹಿಡಿಯೋ ಹಾಗಿಲ್ಲ. ದಾವಣಗೆರೆಯವರಲ್ವಾ, ಬ್ಯಾಗಿನಲ್ಲಿ ಮಂಡಕ್ಕಿ ಇದ್ದೇ ಇತ್ತು. ಅರ್ಧ ಗಂಟೆ ಮಂಡಕ್ಕಿ ಹಾಕುತ್ತಾ ಕೂತವರು ಏಳಲೇ ಇಲ್ಲ. ಆಮೇಲೆ ಕೆಲಸಕ್ಕೆ ಅಂತ ಮಿಲ್ವಾಕಿಗೆ ಹೋದರು. ಆ ಊರು ಸರೋವರದ ದಡದಲ್ಲೇ ಇರೋದು. ಅಲ್ಲಿ ಗಾಳದ ಹುಚ್ಚು ಹತ್ತಿತು. ಈಗ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇಲ್ಲ ಅಂತ ಅಕ್ಕ ಹೇಳುತ್ತಾಳೆ.

ನನಗೆ ಗೈಡ್ ಹುಡುಕುವ ಕೆಲಸ. ನಮ್ಮಲ್ಲಿ ಅಂಥ ಅಂಗಡಿ ಎಲ್ಲಿದೆ? ಹೊಳೆಬಾಗಿಲಿನ ಹತ್ತಿರ ಶರಾವತಿ ಹಿನ್ನೀರಲ್ಲಿ ಬಲೆ ಹಾಕುವ ಒಬ್ಬರನ್ನು ಗೆಳೆಯನೊಬ್ಬ ಪರಿಚಯ ಮಾಡಿಸಿದ. ಐವತ್ತು ದಾಟಿದ ವಯಸ್ಸು, ಇಲಾಖೆಯ ಲೈಸೆನ್ಸ್ ಇದೆ, ಸ್ವಂತ ಫೈಬರ್ ದೋಣಿ, ಅದಕ್ಕೊಂದು ಸಣ್ಣ ಇಂಜಿನ್ನು. ಫೋನಿನಲ್ಲಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ನಿಮಗೆ ಮೀನು ಬೇಕಾ ಮಾರಾಯ್ರೆ, ಹಿಡಿಯೋದು ಬೇಕಾ?" ಮೀನು ಬೇಕಾದರೆ ಎಂಟು ಗಂಟೆಗೆ ದಡಕ್ಕೆ ಬಂದರೆ ಸಾಕು, ಬಲೆಯಿಂದಲೇ ಕೊಡುತ್ತಾರಂತೆ. ಹಿಡಿಯೋದು ಬೇಕಾದರೆ ಐದೂವರೆಗೆ ಬರಬೇಕು. ಹಿಡಿಯೋದು ಅಂದೆ. "ಆಯ್ತು, ಬನ್ನಿ. ನಿಮ್ಮಿಷ್ಟ" ಅಂದರು. ಆ 'ನಿಮ್ಮಿಷ್ಟ'ದಲ್ಲಿ ಎಷ್ಟು ಅರ್ಥ ಇತ್ತು ಅಂತ ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಸಾಗರದಿಂದ ಆವಿನಹಳ್ಳಿ ದಾಟಿ ಹೊಳೆಬಾಗಿಲಿಗೆ ಬರುವಾಗ ಇನ್ನೂ ಕತ್ತಲು. ಮಂಜು ಎಷ್ಟು ದಟ್ಟವಾಗಿತ್ತು ಅಂದರೆ ವೈಪರ್ ಹಾಕಿಕೊಂಡೇ ಬಂದೆವು. ಸಿಗಂದೂರು ಸೇತುವೆಯ ದೀಪ ಮಾತ್ರ ಮೇಲೆಲ್ಲೋ ತೇಲುತ್ತಿತ್ತು. 2025ರ ಜುಲೈನಲ್ಲಿ ಆ ಸೇತುವೆ ಶುರುವಾದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿತು. ತುಮರಿ ಕಡೆಯವರು ದಶಕಗಟ್ಟಲೆ ಬೇಡಿದ್ದು ಅದು, ಅವರ ಸಂತೋಷಕ್ಕೆ ನಾನು ಅಡ್ಡ ಬರಲ್ಲ. ಆದರೂ ಲಾಂಚಿನ ಮೇಲೆ ಬಸ್ಸು, ಜೀಪು, ಹಾಲಿನ ಕ್ಯಾನು, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ನಿಂತು ನೀರು ದಾಟುತ್ತಿದ್ದದ್ದು ನೆನಪಾದರೆ ಸುಮ್ನೆ ಒಂಥರಾ ಆಗುತ್ತೆ.

ದೋಣಿ ಹತ್ತುವ ಮೊದಲು ಅಣ್ಣ (ಹೆಸರು ಬರೆಯಬೇಡಿ ಅಂದಿದ್ದಾರೆ, ಹಾಗಾಗಿ ಅಣ್ಣ ಅಂತಲೇ ಬರೆಯುತ್ತೇನೆ) ದೋಣಿಯ ಮೂತಿಗೆ ಎರಡು ಬಾಳೆಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ಸಿಗಂದೂರಿನ ಕಡೆ ತಿರುಗಿ ಕೈ ಮುಗಿದರು. ಬಾವ ನನ್ನ ಮುಖ ನೋಡಿ ನಗು ತಡೆದುಕೊಂಡರು. ಯಾಕೆ ಅಂದರೆ, ಮಿಲ್ವಾಕಿಯಲ್ಲಿ ಅಮ್ಮ ದಾರಿಗಿರಲಿ ಅಂತ ಬ್ಯಾಗಿಗೆ ನಾಲ್ಕು ಬಾಳೆಹಣ್ಣು ಹಾಕಿಕೊಟ್ಟಿದ್ದಳು. ಅದನ್ನು ಕಂಡ ಕೂಡಲೇ ಆ ದೋಣಿಯ ಕ್ಯಾಪ್ಟನ್ನು ಹಾವು ಕಂಡವನ ಹಾಗೆ ಹಿಂದೆ ಸರಿದಿದ್ದ. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಬೀಳಲ್ಲ ಅಂತ ಅವರ ನಂಬಿಕೆ. ನಾಲ್ಕೂ ಹಣ್ಣನ್ನು ಕಾರಿನಲ್ಲಿಟ್ಟು ಬಂದ ಮೇಲೇ ಇಂಜಿನ್ ಶುರು ಮಾಡಿದ. ನಾವು ಹಣ್ಣಿಟ್ಟು ಹೊರಡೋರು, ಅವರು ಹಣ್ಣು ಬಿಟ್ಟು ಹೊರಡೋರು.

ಮೊದಲ ಕೆಲಸ ಹಿಂದಿನ ಸಂಜೆ ಬಿಟ್ಟ ಬಲೆ ಎತ್ತೋದು. ಮಂಜಿನಲ್ಲಿ ಏನೂ ಕಾಣಲ್ಲ. ದಡ ಇಲ್ಲ, ಸೇತುವೆ ಇಲ್ಲ, ಆಕಾಶ ಯಾವುದು ನೀರು ಯಾವುದು ಗೊತ್ತಾಗಲ್ಲ. ಅಣ್ಣ ಇಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತಾ ಹೋದರು. ಹತ್ತು ನಿಮಿಷಕ್ಕೆ ಸರಿಯಾಗಿ ನಮ್ಮ ಮುಂದೆ ಒಂದು ಖಾಲಿ ನೀರಿನ ಬಾಟಲಿ ತೇಲುತ್ತಿತ್ತು. ಬಲೆಯ ತುದಿ ಅದು. ಬಾವ ಜೇಬಿನಿಂದ ಫೋನ್ ತೆಗೆದು ಜಿಪಿಎಸ್ ನೋಡಿದರು, ಅಣ್ಣನ ಮುಖ ನೋಡಿದರು, ಫೋನ್ ವಾಪಸ್ ಇಟ್ಟರು.

ಬಲೆ ಎತ್ತುವುದನ್ನು ಹತ್ತಿರದಿಂದ ನೋಡಿದ್ದು ನಾನು ಅದೇ ಮೊದಲು. ಎಡಗೈಯಲ್ಲಿ ಎಳೆಯೋದು, ಬಲಗೈಯಲ್ಲಿ ಕೊಡವೋದು, ಕಾಲಬೆರಳಿನಲ್ಲಿ ಒದ್ದೆ ಬಲೆಯನ್ನು ಮಡಿಕೆ ಮಡಿಕೆಯಾಗಿ ಹಿಂದಕ್ಕೆ ತಳ್ಳೋದು, ಮೂರೂ ಒಟ್ಟಿಗೆ. ಮೀನು ಸಿಕ್ಕಿದ ಕಡೆ ಮಾತ್ರ ಕೈ ನಿಲ್ಲುತ್ತೆ. ಕಣ್ಣಿಯ ಎಳೆ ಕಿವಿರಿನ ಹಿಂದೆ ಬಿಗಿದಿರುತ್ತೆ. ಹಿಂದಕ್ಕೆ ಎಳೆದರೆ ಬರಲ್ಲ. ತಲೆಯನ್ನು ಮುಂದಕ್ಕೆ ತಳ್ಳಿ, ಕಿರುಬೆರಳಿನ ಉಗುರಿನಿಂದ ಎಳೆಯನ್ನು ಎಬ್ಬಿಸಬೇಕು. ಅಣ್ಣನ ಆ ಉಗುರು ಮಾತ್ರ ಉದ್ದ ಇತ್ತು. ನಾನು ಒಂದು ಜಿಲೇಬಿ ಮೀನು ಬಿಡಿಸಲು ಹೋಗಿ ಬೆನ್ನಿನ ಮುಳ್ಳು ಚುಚ್ಚಿಸಿಕೊಂಡು ಸುಮ್ಮನಾದೆ. ಒಟ್ಟು ಬಂದದ್ದು ಎರಡು ಕಾಟ್ಲಾ, ಮೂರು ರೋಹು, ಒಂದು ಬುಟ್ಟಿಯಷ್ಟು ಜಿಲೇಬಿ. ಕಾಟ್ಲಾ ಒಂದು ನಾಲ್ಕು ಕಿಲೋ ಇದ್ದಿರಬಹುದು. ಅದರ ತಲೆಯೇ ಒಂದು ಮನೆಗೆ ಸಾರಿಗೆ ಸಾಕು.

ಬಿಸಿಲು ಬಂತು, ಮಂಜು ಹರಿಯಿತು, ಬಾವನ ಪೆಟ್ಟಿಗೆ ಬಾಯಿ ತೆರೆಯಿತು. ಒಳಗಿದ್ದದ್ದು ಹಿತ್ತಾಳೆಯ, ಬೆಳ್ಳಿ ಬಣ್ಣದ, ಹಸಿರು ಚುಕ್ಕೆಯ, ಕತ್ತಲಲ್ಲಿ ಹೊಳೆಯುವ ತಗಡುಗಳು. ಸ್ಪೂನ್ ಅಂತಲೇ ಅದಕ್ಕೆ ಹೆಸರು. ನೀರಿನಲ್ಲಿ ಎಳೆದಾಗ ಅದು ಗಾಯಗೊಂಡ ಸಣ್ಣ ಮೀನಿನ ಹಾಗೆ ಓಲಾಡುತ್ತೆ, ದೊಡ್ಡ ಮೀನು ಮೋಸ ಹೋಗುತ್ತೆ. ಅಣ್ಣ ಒಂದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಇದೆಂತ ಮಾರಾಯ್ರೆ, ಪಾಯಸ ಬಡ್ಸೋ ಚಮಚದ ಹಂಗಿದೆ."

"ಇದಕ್ಕ ಎಂಟು ಕಿಲೋ ಸಾಲ್ಮನ್ ಬಿದ್ದೈತಿ ಅಣ್ಣಾರ" ಅಂದರು ಬಾವ.

"ಬಿದ್ದಿರ್ಬೋದು. ಅದಕ್ಕೆ ಹಲ್ಲಿದ್ಯಲ್ಲ. ನಮ್ಮ ಕಾಟ್ಲಾಕ್ಕೆ ಹಲ್ಲೆಲ್ಲಿದೆ?"

ಅಣ್ಣ ಹೇಳಿದ್ದು ಸರಿ. ಕಾಟ್ಲಾ, ರೋಹು ಇವೆಲ್ಲ ನೀರಿನಲ್ಲಿ ತೇಲುವ ಸೂಕ್ಷ್ಮ ಆಹಾರ, ಪಾಚಿ, ಕೊಳೆತ ಸೊಪ್ಪು ತಿನ್ನುವ ಜಾತಿ. ಇವಕ್ಕೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಮಾತ್ರ ಇರೋದು. ಓಡಿಬಂದು ಕಚ್ಚುವ ಸ್ವಭಾವವೂ ಇಲ್ಲ. ಚಮಚಕ್ಕೆ ಬೀಳಬಹುದಾದ್ದು ಕೊರವ ಮೀನು, ಬಾಳೆ ಮೀನು ಅಷ್ಟೇ. ಬಾವ ಹಟ ಬಿಡಲಿಲ್ಲ. ಎರಡು ಗಂಟೆ ಬೀಸಿದರು. ಬೀಸೋದು, ಸುತ್ತೋದು, ಬೀಸೋದು, ಸುತ್ತೋದು. ಒಣಗಿದ ಮರದ ತುದಿಯಲ್ಲಿ ರೆಕ್ಕೆ ಬಿಚ್ಚಿ ಕೂತಿದ್ದ ನೀರುಕಾಗೆಗೂ ಬೇಜಾರಾಗಿ ಹಾರಿಹೋಯಿತು.

ಆ ಎರಡು ಗಂಟೆಯಲ್ಲಿ ನಾನು ಅಣ್ಣನಿಗೆ ಮಿಷಿಗನ್ ಕಥೆ ಹೇಳಿದೆ. ಹೋದ ವರ್ಷವೇ ಬರೆಯಬೇಕು ಅಂದುಕೊಂಡಿದ್ದೆ, ಆಗಿರಲಿಲ್ಲ, ನಿಮಗೂ ಹೇಳಿಬಿಡುತ್ತೇನೆ.

ಆ ಸರೋವರವನ್ನು ಸರೋವರ ಅನ್ನೋದೇ ತಪ್ಪು. ಸುಮಾರು 58,000 ಚದರ ಕಿಲೋಮೀಟರ್. ನಮ್ಮ ಇಡೀ ಶಿವಮೊಗ್ಗ ಜಿಲ್ಲೆಯಂಥ ಆರು ಜಿಲ್ಲೆ ಮುಳುಗಿಸಿದರೂ ಇನ್ನೂ ಜಾಗ ಉಳಿಯುತ್ತೆ. ಅತಿ ಆಳದ ಕಡೆ 281 ಮೀಟರ್. ಜೋಗ ಜಲಪಾತವನ್ನು ಹಾಗೇ ತೆಗೆದು ಒಳಗಿಟ್ಟರೆ ತಲೆ ಕಾಣಲ್ಲ. ನಾವು ಹೊರಟದ್ದು ಬೆಳಗಿನ ಜಾವ ಐದಕ್ಕೆ ಮೊದಲೇ. ಲೈಸೆನ್ಸ್ ತೆಗೆಸಬೇಕು, ಅದರ ಜೊತೆ ಸಾಲ್ಮನ್-ಟ್ರೌಟ್‌ಗೆ ಅಂತಲೇ ಬೇರೆ ಸ್ಟಾಂಪು. ದೋಣಿಯಲ್ಲಿ ಆರು ಜನಕ್ಕಿಂತ ಜಾಸ್ತಿ ಗಿರಾಕಿಗಳನ್ನು ಹತ್ತಿಸೋ ಹಾಗಿಲ್ಲ. ಕ್ಯಾಪ್ಟನ್ನು, ಕಾಲೇಜು ಓದುವ ಒಬ್ಬ ಸಹಾಯಕ ಹುಡುಗ, ನಾವು ನಾಲ್ಕು ಜನ. ಸ್ವೆಟರ್ ಮೇಲೆ ಜಾಕೆಟ್, ಜಾಕೆಟ್ ಮೇಲೆ ಮಳೆ ಕೋಟು, ಆದರೂ ಹಲ್ಲು ಕಟಕಟ.

ಗಾಳ ಹಿಡಿದುಕೊಂಡು ಕೂರೋದು ಅಂದುಕೊಂಡಿದ್ದೆ. ಅಲ್ಲಿ ಕೈಗೆ ಕೆಲಸವೇ ಇಲ್ಲ. ದೋಣಿಯ ಹಿಂದೆ, ಪಕ್ಕ ಎಲ್ಲ ಸೇರಿ ಹನ್ನೆರಡು ಗಾಳದ ಕೋಲು ನಿಲ್ಲಿಸುತ್ತಾರೆ. ಕೆಲವು ದಾರಗಳನ್ನು ಸಣ್ಣ ಹಲಗೆಗಳು ದೂರಕ್ಕೆ ಎಳೆದುಕೊಂಡು ಹೋಗುತ್ತವೆ, ಒಂದಕ್ಕೊಂದು ಸಿಕ್ಕಿಕೊಳ್ಳಬಾರದಲ್ಲ ಅದಕ್ಕೆ. ಕೆಲವಕ್ಕೆ ಡೌನ್‌ರಿಗ್ಗರ್. ಅಂದರೆ ಐದು ಕಿಲೋ ಹತ್ತಿರದ ಸೀಸದ ಗುಂಡನ್ನು ಉಕ್ಕಿನ ತಂತಿಯಲ್ಲಿ ಕೆಳಗಿಳಿಸೋದು, ಗಾಳದ ದಾರವನ್ನು ಒಂದು ಕ್ಲಿಪ್ಪಿನಲ್ಲಿ ಅದಕ್ಕೆ ಸಿಕ್ಕಿಸೋದು. ಅರವತ್ತು ಅಡಿ ಬೇಕಾ, ತೊಂಬತ್ತು ಬೇಕಾ, ಹೇಳಿದಷ್ಟು ಆಳಕ್ಕೆ ಚಮಚ ಹೋಗಿ ನಿಲ್ಲುತ್ತೆ. ಆಮೇಲೆ ದೋಣಿ ಗಂಟೆಗೆ ಎರಡು ಮೂರು ಮೈಲಿ ವೇಗದಲ್ಲಿ, ನಮ್ಮೂರಲ್ಲಿ ಎಮ್ಮೆ ಮನೆಗೆ ಬರುವ ವೇಗದಲ್ಲಿ, ಸುಮ್ಮನೆ ಸುತ್ತುತ್ತಾ ಇರುತ್ತೆ.

ಆಳ ಯಾಕೆ ಅಷ್ಟು ಮುಖ್ಯ ಅಂದರೆ, ಸಾಲ್ಮನ್ ಚಳಿಯ ಮೀನು. ಹತ್ತರಿಂದ ಹದಿಮೂರು ಡಿಗ್ರಿ ಇರುವ ನೀರು ಎಲ್ಲಿದೆಯೋ ಅಲ್ಲೇ ಅದರ ವಾಸ. ಬೇಸಿಗೆಯಲ್ಲಿ ಮೇಲಿನ ನೀರು ಬೆಚ್ಚಗಾಗುತ್ತೆ, ಕೆಳಗೆ ತಣ್ಣಗೇ ಇರುತ್ತೆ, ನಡುವೆ ಕೇಕು ಕತ್ತರಿಸಿದ ಹಾಗೆ ಒಂದು ಗೆರೆ. ಕ್ಯಾಪ್ಟನ್ನಿನ ಇಡೀ ದಿನದ ಕೆಲಸ ಆ ಗೆರೆ ಹುಡುಕೋದು. ಅದಕ್ಕೆ ಪರದೆ ಇದೆ. ಅದರಲ್ಲಿ ನೆಲ ಕಾಣುತ್ತೆ, ಸೀಸದ ಗುಂಡು ಒಂದು ಗೆರೆಯಾಗಿ ಕಾಣುತ್ತೆ, ಮೀನು ಬಿಲ್ಲಿನ ಹಾಗೆ ಬಾಗಿ ಕಾಣುತ್ತೆ. ನಾನು ಸರೋವರ ನೋಡಿದ್ದಕ್ಕಿಂತ ಆ ಪರದೆ ನೋಡಿದ್ದೇ ಜಾಸ್ತಿ.

ಮೀನು ಬಿದ್ದಾಗ ಕೋಲು ಬಾಗಲ್ಲ, ನೆಟ್ಟಗೆ ಏಳುತ್ತೆ! ದಾರವನ್ನು ಗುಂಡಿಗೆ ಬಿಗಿಯಾಗಿ ಎಳೆದು ಕಟ್ಟಿರುವುದರಿಂದ ಕೋಲು ಮೊದಲೇ ಬಾಗಿರುತ್ತೆ. ಮೀನು ಎಳೆದ ಕೂಡಲೇ ಕ್ಲಿಪ್ ಬಿಡುತ್ತೆ, ಕೋಲು ಟಣ್ ಅಂತ ಎದ್ದು ಮತ್ತೆ ಬಾಗುತ್ತೆ. ಆ ಹುಡುಗ ಕೂಗುತ್ತಾ ಕೋಲನ್ನು ನನ್ನ ಕೈಗಿಟ್ಟ. ಚಿನೂಕ್ ಸಾಲ್ಮನ್. ಕಿಂಗ್ ಅಂತಲೂ ಕರೆಯುತ್ತಾರೆ. ರಾಟೆಯಿಂದ ದಾರ ಚೀರುತ್ತಾ ಹೋಯಿತು, ನೂರು ಅಡಿ, ಇನ್ನೂರು ಅಡಿ, ನಾನು ಸುತ್ತಿದ್ದೆಲ್ಲ ಒಂದೇ ಓಟಕ್ಕೆ ವಾಪಸ್. ಇಪ್ಪತ್ತು ನಿಮಿಷ ಆದ ಮೇಲೆ ಬಲೆಗೆ ಬಂದಾಗ ನನ್ನ ಭುಜ ನನ್ನದಾಗಿ ಉಳಿದಿರಲಿಲ್ಲ. ಎಂಟು ಕಿಲೋ. ಆಮೇಲೆ ಬಾವನಿಗೆ ಸ್ಟೀಲ್‌ಹೆಡ್ ಬಿತ್ತು. ಸರೋವರಕ್ಕೆ ಇಳಿದು ಬೆಳೆಯುವ ರೇನ್‌ಬೋ ಟ್ರೌಟ್ ಅದು. ನೀರಿನಿಂದ ಎರಡು ಸಲ ಪೂರ್ತಿ ಮೇಲಕ್ಕೆ ಹಾರಿತು. ತಳದಿಂದ ಬಂದ ಲೇಕ್ ಟ್ರೌಟ್ ಮಾತ್ರ ಒದ್ದೆ ಗೋಣಿಚೀಲ ಎಳೆದ ಹಾಗೆ, ಹೋರಾಟ ಇಲ್ಲ, ಬರೀ ಭಾರ.

ನನ್ನ ಚಿನೂಕಿಗೆ ಬೆನ್ನಿನ ಕೊನೆಯಲ್ಲಿ, ಬಾಲಕ್ಕೆ ಸ್ವಲ್ಪ ಮೊದಲು ಇರಬೇಕಾದ ಒಂದು ಪುಟ್ಟ ಮೆತ್ತನೆಯ ರೆಕ್ಕೆ ಇರಲಿಲ್ಲ. ಬೆರಳಾಡಿಸಿದರೆ ಅಲ್ಲಿ ನುಣ್ಣಗೆ ಗಾಯ ಮಾಗಿದ ಜಾಗ. ಮರಿ ಸಾಕುವ ಕೇಂದ್ರದಲ್ಲಿ ಬಿಡುವ ಮೊದಲು ಅದನ್ನು ಕತ್ತರಿಸಿರುತ್ತಾರೆ, ಸಾಕಿದ್ದು ಅಂತ ಗುರುತಿಗೆ, ದನಕ್ಕೆ ಕಿವಿ ಕತ್ತರಿಸಿ ಗುರುತು ಮಾಡುವ ಹಾಗೆ. ಆಗ ಕ್ಯಾಪ್ಟನ್ನು ಹೇಳಿದ ಕಥೆ ನನಗೆ ಮೀನಿಗಿಂತ ಇಷ್ಟವಾಯಿತು. ಸಾಲ್ಮನ್ ಆ ಸರೋವರದ ಮೀನೇ ಅಲ್ಲ! ಮೊದಲು ಅಲ್ಲಿ ದೊಡ್ಡ ಬೇಟೆ ಮೀನು ಅಂದರೆ ಲೇಕ್ ಟ್ರೌಟ್. ಲ್ಯಾಂಪ್ರೇ ಅನ್ನೋ ರಕ್ತ ಹೀರುವ ಹಾವಿನಂಥ ಜೀವಿ ಹಡಗಿನ ಕಾಲುವೆಯ ದಾರಿಯಲ್ಲಿ ಒಳಗೆ ಬಂತು. ಅದರ ಕಾಟ ಒಂದು ಕಡೆ, ಜನ ಮಿತಿ ಮೀರಿ ಹಿಡಿದದ್ದು ಇನ್ನೊಂದು ಕಡೆ, 1950ರ ದಶಕದ ಹೊತ್ತಿಗೆ ಲೇಕ್ ಟ್ರೌಟ್ ನಾಶವಾಯಿತು. ತಿನ್ನುವವರು ಇಲ್ಲ ಅಂದ ಮೇಲೆ ಅದೇ ದಾರಿಯಲ್ಲಿ ಬಂದ ಏಲ್‌ವೈಫ್ ಅನ್ನೋ ಸಣ್ಣ ಮೀನು ಮಿತಿಯಿಲ್ಲದೆ ಹೆಚ್ಚಿತು. 1967ರಲ್ಲಿ ಅವು ರಾಶಿ ರಾಶಿ ಸತ್ತು ದಡಕ್ಕೆ ಬಿದ್ದು ಬೀಚುಗಳೆಲ್ಲ ನಾರಿದವು. ಆ ಸಣ್ಣ ಮೀನನ್ನು ತಿನ್ನಲಿ, ಜನಕ್ಕೆ ಗಾಳದ ಆಟವೂ ಆಗಲಿ ಅಂತ ಮಿಷಿಗನ್ ರಾಜ್ಯದವರು ಪೆಸಿಫಿಕ್ ಕಡೆಯ ಕೋಹೋ ಸಾಲ್ಮನ್ ಮರಿಗಳನ್ನು 1966ರಲ್ಲಿ, ಚಿನೂಕ್ ಮರಿಗಳನ್ನು 1967ರಲ್ಲಿ ತಂದು ಬಿಟ್ಟರು. ಉಪ್ಪುನೀರಿನಲ್ಲಿ ಬೆಳೆಯೋ ಮೀನು ಸಿಹಿನೀರಿನಲ್ಲೇ ಬೆಳೆದು, ಮೊಟ್ಟೆಯಿಡಲು ನದಿ ಹತ್ತಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತೆ. ಸೆಪ್ಟೆಂಬರಿನಲ್ಲಿ ಅವು ನದಿ ಹತ್ತಲು ಬಂದರಿನ ಹತ್ತಿರ ಬಂದು ಸೇರುವುದರಿಂದಲೇ ನಮ್ಮಂಥ ಹೊಸಬರಿಗೂ ಸಿಗೋದು.

ಅಣ್ಣ ಬೀಡಿ ಹಚ್ಚಿಕೊಂಡು ಎಲ್ಲ ಕೇಳಿಸಿಕೊಂಡರು. "ಹತ್ತುಮೀನಿನ ಹಂಗೇ ಆಯ್ತಲ" ಅಂದರು. ಹೌದಲ್ವಾ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು ನಮ್ಮಲ್ಲೂ ಇದೆ. ರಾತ್ರಿ ಟಾರ್ಚು ಹಿಡಿದು, ಕೂಣಿ (ಬಿದಿರಿನ ಬೋನು) ಇಟ್ಟು ಹಿಡಿಯುತ್ತಾರೆ. ಮೊಟ್ಟೆಯಿಡಲು ಹೊರಟ ಮೀನನ್ನು ಹಾಗೆ ಹಿಡಿಯಬಾರದು ಅಂತ ಅಣ್ಣನ ಅಭಿಪ್ರಾಯ. "ಗರ್ಭಿಣಿ ಹಿಡ್ದು ತಿಂದ್ರೆ ಮುಂದಿನ ವರ್ಷ ಎಂತ ಹಿಡಿತೀರಿ?" ನಾನೂ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಟಾರ್ಚ್ ಹಿಡಿದವನೇ. ಮಾತಾಡಲಿಲ್ಲ.

"ಟ್ರೌಟ್ ತಂದು ಇಲ್ಲಿಗೂ ಬಿಟ್ರೆ?" ಅಂದರು ಬಾವ, ಚಮಚ ಬದಲಾಯಿಸುತ್ತಾ. ಬ್ರಿಟಿಷರು ಅದನ್ನು ನೀಲಗಿರಿಗೂ ಮುನ್ನಾರಿಗೂ ತಂದು ಬಿಟ್ಟಿದ್ದಾರೆ, ಊಟಿ ಹತ್ತಿರ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವೇ ಇದೆ. ಅಲ್ಲಿ ಎರಡು ಸಾವಿರ ಮೀಟರ್ ಎತ್ತರದ ತಣ್ಣನೆ ನೀರು. ಇಲ್ಲಿ ಜನವರಿಯ ಬೆಳಿಗ್ಗೆಯೂ ಕೈ ಅದ್ದಿದರೆ ಹಿತವಾಗುತ್ತೆ, ಟ್ರೌಟ್ ಒಂದು ಏಪ್ರಿಲ್ ದಾಟಲ್ಲ. ಅದೂ ಅಲ್ಲದೆ ಇಲ್ಲಿಗೆ ತಂದು ಬಿಟ್ಟ ಮೀನು ಈಗಾಗಲೇ ಸಾಕಷ್ಟಿವೆ. ಬುಟ್ಟಿಯಲ್ಲಿ ಬಿದ್ದಿದ್ದ ಕಾಟ್ಲಾ, ರೋಹು ಗಂಗಾ ಬಯಲಿನವು. ಜಿಲೇಬಿ ಆಫ್ರಿಕಾದ್ದು. ಶರಾವತಿಯದೇ ಅನ್ನುವ ಒಂದು ಮೀನೂ ಅವತ್ತು ನಮಗೆ ಸಿಗಲಿಲ್ಲ.

ಮಧ್ಯಾಹ್ನ ಒಂದು ನಡುಗಡ್ಡೆಗೆ ದೋಣಿ ಹಚ್ಚಿದೆವು. ಅಮ್ಮ ಕಟ್ಟಿಕೊಟ್ಟ ಅಕ್ಕಿ ರೊಟ್ಟಿ, ಕೆಂಪು ಚಟ್ನಿ, ಮಿಡಿ ಉಪ್ಪಿನಕಾಯಿ. ನೀರು ಇಳಿಯಲು ಶುರುವಾಗಿತ್ತು. ತುಂಬಿದಾಗ ಅಣೆಕಟ್ಟಿನಲ್ಲಿ 1,819 ಅಡಿ ಮಟ್ಟ, ಅಲ್ಲಿಂದ ವಿದ್ಯುತ್ತಿಗೆ ಬಿಟ್ಟ ಹಾಗೆಲ್ಲ ಇಳಿಯುತ್ತಾ ಹೋಗುತ್ತೆ. ದಡದ ಸುತ್ತ ಕೆಂಪು ಮಣ್ಣಿನ ಪಟ್ಟಿಗಳು, ಒಂದೊಂದು ವಾರಕ್ಕೆ ಒಂದೊಂದು ಗೆರೆ. ನೀರಿನ ನಡುವೆ ಅಲ್ಲಲ್ಲಿ ಕಪ್ಪಗೆ ಮರದ ಬೊಡ್ಡೆಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಕಾಡಿನವು, ಇನ್ನೂ ನಿಂತೇ ಇವೆ. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನೊಳಗೆ ಮುಳುಗಿದೆ. ನೀರು ತೀರಾ ಇಳಿದ ವರ್ಷ ಜನ ಹೋಗಿ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಬಾವ ಕೇಳಿದರು, ಮಂಜಿನಲ್ಲಿ ಬಲೆ ಹೇಗೆ ಸಿಕ್ಕಿತು ಅಂತ. ಅಣ್ಣ ರೊಟ್ಟಿ ಮುರಿಯುತ್ತಲೇ ಹೇಳಿದರು. ಬಲೆ ಹಾಕಿದ್ದು ಒಂದು ಹಳೇ ಬಂಡಿದಾರಿಯ ಮೇಲೆ. ಬಂಡಿದಾರಿಯ ಮೇಲೆ ಮರ ಇಲ್ಲವಲ್ಲ, ಬಲೆ ಸಿಕ್ಕಿಕೊಳ್ಳಲ್ಲ. ಅದರ ಬಲಕ್ಕೆ ಅವರ ಅಜ್ಜನ ಗದ್ದೆ, ಎಡಕ್ಕೆ ಬೇರೆಯವರ ಅಡಿಕೆ ತೋಟ. ತೋಟದ ಕಡೆ ಬಲೆ ಹೋಯಿತೋ, ಹರಿಯಿತು ಅಂತಲೇ ಲೆಕ್ಕ. ಅಣ್ಣ ಹುಟ್ಟಿದ್ದು ಮುಳುಗಡೆ ಆದ ಮೇಲೆ. ಆ ಗದ್ದೆಯನ್ನು ಅವರು ಕಣ್ಣಿನಲ್ಲಿ ಕಂಡದ್ದು ನೀರು ಪೂರ್ತಿ ಇಳಿದ ಒಂದೆರಡು ಬೇಸಿಗೆಯಲ್ಲಿ ಮಾತ್ರ. ಉಳಿದದ್ದೆಲ್ಲ ಅಜ್ಜ ದೋಣಿಯಲ್ಲಿ ಕೂರಿಸಿಕೊಂಡು ನೀರಿನ ಮೇಲಿನಿಂದ ತೋರಿಸಿದ್ದು. ಇಲ್ಲಿ ಕಣ, ಇಲ್ಲಿ ಬಾವಿ, ಬಾವಿ ಪಕ್ಕ ಹೋಗಬೇಡ. "ಅಜ್ಜಂಗೆ ಗದ್ದೆ ಹೋದ ದುಃಖ. ನಂಗೆ ಬಲೆ ಹರಿಬಾರ್ದು ಅಂತ ಉಪಯೋಗ ಆಯ್ತು" ಅಂದು ನಕ್ಕರು. ಮುಳುಗಡೆಯಾಗಿ ಹೋದವರ ಹಕ್ಕುಪತ್ರದ ವಿಷಯ ಅರವತ್ತು ವರ್ಷ ಆದರೂ ಪೂರ್ತಿ ಬಗೆಹರಿದಿಲ್ಲ, ಅದನ್ನು ಕೇಳಿದೆ. ಅಣ್ಣ ಉಪ್ಪಿನಕಾಯಿ ಚೆನ್ನಾಗಿದೆ ಅಂದರು.

ಊಟ ಆದ ಮೇಲೆ ಬಾವ ಕೊನೆಯ ಸಲ ಅಂತ ತಮ್ಮ ಅತಿ ದುಬಾರಿಯ ಚಮಚ ತೆಗೆದರು. ಹಸಿರು ಬೆಳ್ಳಿ ಬಣ್ಣದ್ದು, ನನ್ನ ಚಿನೂಕ್ ಬಿದ್ದದ್ದು ಅಂಥದಕ್ಕೇ. ಎಡಗಡೆ ಬೀಸಬೇಡಿ ಅಂದರು ಅಣ್ಣ. ಬಾವ ಎಡಗಡೆಗೇ ಬೀಸಿದರು. ಎರಡನೇ ಸುತ್ತಿಗೆ ಕೋಲು ಬಿಲ್ಲಾಯಿತು. ಬಾವ ಎದ್ದು ನಿಂತರು, ದೋಣಿ ಓಲಾಡಿತು, ನಾನು ಲೈಫ್ ಜಾಕೆಟ್ಟಿನ ದಾರ ಹುಡುಕಿದೆ. "ಬಿತ್ತು! ಬಿತ್ತು! ದೊಡ್ಡದೈತಿ!" ಐದು ನಿಮಿಷ ಎಳೆದರು. ಹಣೆಯಲ್ಲಿ ಬೆವರು. ಅಣ್ಣ ಮಾತಾಡದೆ ದಾರದ ಮೇಲೆ ಎರಡು ಬೆರಳಿಟ್ಟು ನೋಡಿದರು, ಡಾಕ್ಟ್ರು ನಾಡಿ ನೋಡುವ ಹಾಗೆ.

"ಮೀನಲ್ಲ ಇದು. ಬೊಡ್ಡೆ."

ಆ ಕಡೆಯಿಂದ ಎಳೆದು, ಈ ಕಡೆಯಿಂದ ಎಳೆದು, ಕೊನೆಗೆ ದಾರ ತುಂಡಾಯಿತು. ಬಾವ ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ಕೂತರು. ಅಜ್ಜ ತೋರಿಸಿದ ಅಡಿಕೆ ತೋಟದ ಅಂಚಿನ ಮರವಂತೆ ಅದು. ಯಾವ ಮರ ಅಂತಲೂ ಅಣ್ಣ ಹೇಳಿದರು, ಹಲಸು.

ಮೂರು ಗಂಟೆ ಮೇಲೆ ಅಣ್ಣನ ಸರದಿ. ಬಂಡಿದಾರಿಯ ಮೇಲೆ ದೋಣಿ ನಿಲ್ಲಿಸಿ ಕಲ್ಲು ಇಳಿಬಿಟ್ಟರು. ಶೇಂಗಾ ಹಿಂಡಿ, ತೌಡು, ಒಂದಿಷ್ಟು ಬೆಲ್ಲ ಕಲಸಿದ ಉಂಡೆ. ಮಧ್ಯೆ ಸಣ್ಣ ಕೊಕ್ಕೆಗಳು. ಕೋಲಿಲ್ಲ, ರಾಟೆಯಿಲ್ಲ. ದಾರವನ್ನು ಒಂದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದೆ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂರಬೇಕು, ಅಷ್ಟೇ. ಬಾವನ ಬೆರಳನ್ನು ಅಣ್ಣನೇ ಹಿಡಿದು ಸರಿಮಾಡಿದರು. ಮೊದಲು ಜಿಲೇಬಿ ಬರುತ್ತೆ, ಇಲಿ ಅಕ್ಕಿಮೂಟೆ ಕೆರೆದ ಹಾಗಾಗುತ್ತೆ, ಆಗ ಎಳೆಯಬೇಡಿ. ಆಮೇಲೆ ಕೆರೆತ ನಿಲ್ಲುತ್ತೆ. ದೊಡ್ಡದು ಬಂತು, ಸಣ್ಣವು ಓಡಿದವು ಅಂತ ಅರ್ಥ. ಆಗ ಉಸಿರು ಹಿಡಿದುಕೊಳ್ಳಿ.

ನಾನು ನೋಡುತ್ತಲೇ ಇದ್ದೆ. ಬಾವನ ಬೆರಳು ಸಣ್ಣಗೆ ನಡುಗುತ್ತಿತ್ತು, ದಾರದ್ದೋ ಅವರದ್ದೋ ಗೊತ್ತಿಲ್ಲ. ನಡುಕ ನಿಂತಿತು. ದಾರದಿಂದ ಒಂದು ಹನಿ ನೀರು ಬಿತ್ತು. ಆಮೇಲೆ ಬಾಟಲಿ ದೋಣಿಯ ತಳದಲ್ಲಿ ಗಿರಗಿರ ತಿರುಗಲು ಶುರುವಾಯಿತು, ಬಾವ ಕೂಗಿದ್ದು ದಾವಣಗೆರೆಗೆ ಕೇಳಿಸಿರಬೇಕು. ರೋಹು. ಎರಡೂವರೆ ಕಿಲೋ ಅಂತ ಆಮೇಲೆ ದಡದಲ್ಲಿ ತೂಗಿದೆವು. ತೋರುಬೆರಳಿನ ಮೇಲೆ ದಾರ ಕೊಯ್ದ ಕೆಂಪು ಗೆರೆ. ಆ ಬೆರಳಿನ ಫೋಟೋ ತೆಗೆದು ಮಿಲ್ವಾಕಿಯ ಗೆಳೆಯರಿಗೆಲ್ಲ ಕಳಿಸಿದರು, ಮೀನಿನ ಫೋಟೋಕ್ಕಿಂತ ಮೊದಲು. ನನಗೆ ಸಿಕ್ಕಿದ್ದು ಅಂಗೈ ಅಗಲದ ಒಂದು ಜಿಲೇಬಿ. ಅದರ ಬಗ್ಗೆ ಜಾಸ್ತಿ ಬರೆಯೋಕೆ ಏನೂ ಇಲ್ಲ.

ಆಚೆ ಕಡೆಗೆ ಹೋಗೋಣ, ಅಲ್ಲಿ ಕಾಡು ಚೆನ್ನಾಗಿದೆ ಅಂತ ಬಾವ ಒತ್ತಾಯ ಮಾಡಿದರು. ಅದು ಅಭಯಾರಣ್ಯದ ಕಡೆ, ಆಗಲ್ಲ ಅಂದರು ಅಣ್ಣ. ಅಷ್ಟಕ್ಕೇ ಮುಗಿಯಿತು. ಅವರು ಕೇಳಿದ್ದು ಡೀಸೆಲ್ ಸೇರಿ ಎರಡು ಸಾವಿರ. ನಾನು ಮೂರು ಕೊಟ್ಟೆ, ಅವರು ಐನೂರು ವಾಪಸ್ ಕೊಟ್ಟರು. ಮಿಷಿಗನ್ ದೋಣಿಗೆ ಎಷ್ಟಾಯಿತು ಅಂತ ಬಾವ ಇವತ್ತಿಗೂ ನನಗೆ ಹೇಳಿಲ್ಲ. ಆ ದುಡ್ಡಿಗೆ ಒಂದು ವರ್ಷ ಅಂಗಡಿಯಿಂದ ಸಾಲ್ಮನ್ ತರಬಹುದಿತ್ತು ಅಂತ ಅಕ್ಕ ಮಾತ್ರ ಆಗಾಗ ಹೇಳುತ್ತಿರುತ್ತಾಳೆ.

ಅಲ್ಲಿ ಮೀನನ್ನು ಬಂದರಿನಲ್ಲೇ ಆ ಹುಡುಗ ಎರಡು ನಿಮಿಷಕ್ಕೆ ಒಂದರಂತೆ ಮುಳ್ಳು ಬಿಡಿಸಿ, ಹಲಗೆಯಂಥ ಎರಡು ತುಂಡು ಮಾಡಿ ಪ್ಯಾಕೆಟ್ಟಿಗೆ ಹಾಕಿಕೊಟ್ಟಿದ್ದ. ತಲೆಯನ್ನು ಎಸೆದುಬಿಟ್ಟ! ಒಬ್ಬೊಬ್ಬರಿಗೆ ದಿನಕ್ಕೆ ಐದು ಮೀನಿನ ಮಿತಿ, ನಮ್ಮ ದೋಣಿಗೆ ಬಿದ್ದದ್ದು ಒಟ್ಟು ಒಂಬತ್ತು, ಒಂಬತ್ತು ತಲೆ ಕಡಲಕ್ಕಿಗಳ ಪಾಲು. ಅಮ್ಮ ಆ ಕಥೆ ಕೇಳಿದಾಗಿನಿಂದ ಬೇಜಾರಿನಲ್ಲೇ ಇದ್ದಳು. ಈ ಸಲ ರೋಹುವಿನ ತಲೆಗೆ ಮೊದಲ ಮರ್ಯಾದೆ. ಒಣಮೆಣಸು, ಕೊತ್ತಂಬರಿ, ತೆಂಗಿನಕಾಯಿ ಕಡೆದು, ಒಣಗಿಸಿಟ್ಟ ವಾಟೆಹುಳಿ ನೆನೆಹಾಕಿ, ಮಣ್ಣಿನ ಗಡಿಗೆಯಲ್ಲಿ ಸಾರು. ಜೊತೆಗೆ ಕಡುಬು. ಈ ಸಾರು ಮಾರನೇ ದಿನ ಇನ್ನೂ ರುಚಿ ಅಂತ ಎಲ್ಲರಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾರನೇ ದಿನಕ್ಕೆ ಉಳಿದ ದಾಖಲೆ ಇಲ್ಲ. ಬಾವ ಮೂರನೇ ಕಡುಬಿನ ಹೊತ್ತಿಗೆ ಚಮಚ ಹೋದ ವಿಷಯ ಮರೆತಿದ್ದರು.

ಅವರು ವಾಪಸ್ ಹೋಗಿ ತಿಂಗಳು ಕಳೆದ ಮೇಲೆ ಅಣ್ಣನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಹಿನ್ನೀರು ಚೆನ್ನಾಗಿ ಇಳಿದಿದೆ. ಕಪ್ಪು ಹಲಸಿನ ಬೊಡ್ಡೆ ನೀರಿನಿಂದ ಎರಡು ಅಡಿ ಮೇಲೆ ಬಂದಿದೆ. ಅದರ ಕವಲಿನಲ್ಲಿ ಹಸಿರು ಬೆಳ್ಳಿಯ ಚಮಚ ಬಿಸಿಲಿಗೆ ಹೊಳೆಯುತ್ತಾ ನೇತಾಡುತ್ತಿದೆ. ಕೆಳಗೆ ದನಿಯ ಮೆಸೇಜು: "ನಿಮ್ಮ ಬಾವನ ಚಮಚ ಸಿಕ್ತು ಮಾರಾಯ್ರೆ. ಪೋಸ್ಟಲ್ಲಿ ಕಳ್ಸೋದಾ, ಇಲ್ಲೇ ಇರ್ಲಾ?"

ಬಾವನಿಗೆ ಕಳಿಸಿದೆ. ಅಲ್ಲೇ ಇರಲಿ, ಮುಂದಿನ ವರ್ಷ ಬಂದು ಕೊರವ ಹಿಡಿಯುತ್ತೇನೆ ಅಂದರು. ಈ ಸಲ ಯಾರಿಗೆ ಯಾರ ಮುಯ್ಯಿ ಅಂತ ಲೆಕ್ಕ ಹಾಕುತ್ತಿದ್ದೇನೆ. ಅಷ್ಟರಲ್ಲಿ ಅಣ್ಣನದು ಇನ್ನೊಂದು ಫೋಟೋ ಬಂತು. ಚಮಚವನ್ನು ಅವರ ಮನೆಯವರು ಅಡುಗೆಮನೆ ಕಿಟಕಿಗೆ ಕಟ್ಟಿದ್ದಾರೆ. ಗಾಳಿಗೆ ತಿರುಗಿ ಹೊಳೆಯುತ್ತಂತೆ, ಮಂಗ ಹತ್ತಿರ ಬರಲ್ಲವಂತೆ.